ಮೊದಲು ಹಿಡಿದ ಕಾಲು

ಆ ಮೊಣಕೈ ಇಳಿಯುವ ರೀತಿಯೇ ಸರಿಯಿಲ್ಲ, ನೋಡಬಾರದು ಅಂದುಕೊಂಡೂ ಕೇಸೊನ್ ಮತ್ತೆ ಅತ್ತ ನೋಡಿದಳು, ಅವಳ ಹೆಬ್ಬೆರಳಿನ ಕೆಳಗೆ ಗೆಳತಿ ಲಮ್ದುವನ್‌ಳ ಎಡಗಾಲಿನ ಮೀನಖಂಡ, ಮಾಲೀಸಿಗೆ ಹೆಂಗಸಾದರೆ ಎಡಗಾಲು ಮೊದಲು, ಪುಣ್ಯಕ್ಕೆ ಹೊಸ ಪಾಠದಲ್ಲಿ ಅಷ್ಟನ್ನಾದರೂ ಬದಲಾಯಿಸಿಲ್ಲ, ಒತ್ತು, ಮೂರು ಉಸಿರು ಕಾಯಿ, ಬಿಡು, ಎರಡು ಬೆರಳಗಲ ಮೇಲೆ ಸರಿ, ಮತ್ತೆ ಒತ್ತು — ಮೂರು ಹಾಸಿಗೆ ಆಚೆ ನೊಯ್ನಾ ಯಾರದೋ ಬೆನ್ನಿಗೆ ಮೊಣಕೈ ಊರಿದ್ದಾಳೆ, ಊರಿದ್ದಾಳೇನು, ಬಸ್ಸಿಗೆ ಕಾಯುವವಳು ಗೋಡೆಗೆ ಒರಗಿದ ಹಾಗೆ ಒರಗಿದ್ದಾಳೆ, ಸುತ್ತ ಹದಿನೈದು ಹೆಂಗಸರು ಮಂಡಿಯೂರಿ ಪವಾಡ ಕಂಡವರಂತೆ ಕೂತಿದ್ದಾರೆ. ತಳ್ಳಬೇಡಿ, ಸುಮ್ನೆ ಬಿಡಿ, ಮೈಭಾರ ತಾನಾಗೇ ಇಳಿಯತ್ತೆ, ಅನ್ನುತ್ತಿದ್ದಾಳೆ ನೊಯ್ನಾ, ಬೆರಳನ್ನ ಉಳಿಸ್ಕೊಳಿ, ಬೆರಳು ಕೊನೇ ತನಕ ಬೇಕು. ಬೆರಳು ಉಳಿಸಿಕೊಳ್ಳಬೇಕಂತೆ, ಬೆರಳೇನು ಹಬ್ಬದ ರೇಷ್ಮೆಯೇ ಪೆಟ್ಟಿಗೆಯಲ್ಲಿ ಇಡಲು, ಮೂವತ್ತು ವರ್ಷ ಲಾಂಪಾಂಗಿನ ಪೇಟೆ ಹಿಂದಿನ ಅಂಗಡಿಯಲ್ಲಿ ಕೇಸೊನ್ ಒತ್ತಿದ್ದು ಈ ಬೆರಳಲ್ಲೇ, ಗಾಡಿ ಓಡಿಸುವವರ ಸೊಂಟ, ಪಿಂಗಾಣಿ ಕಾರ್ಖಾನೆಯ ಹೆಂಗಸರ ಕತ್ತು, ಹೆರಿಗೆಯಾದವರ ಕಾಲು, ಒಂದು ದಿನವೂ ಮೊಣಕೈ ಬೇಕಾಗಲಿಲ್ಲ. ಈಗ ಮೂರು ದಿನದಿಂದ ನದಿಯ ಪಕ್ಕದ ಈ ಬೌದ್ಧ ವಿಹಾರದ ಹಜಾರದಲ್ಲಿ ಮರುಕಲಿಕೆ, ಊರಲ್ಲಿ ಮಾಲೀಸು ಮಾಡುವವರೆಲ್ಲ ಕೂತು ಕಲಿತು ಪರೀಕ್ಷೆ ಕೊಟ್ಟರೇ ಹೊಸ ಪರವಾನಗಿ, ಇರಲಿ, ಐವತ್ತೇಳಕ್ಕೆ ಕಲಿಯಬಾರದೆಂದೇನಿಲ್ಲ, ಯಾರು ಬಂದು ಕಲಿಸಿದ್ದರೂ ಕೇಸೊನ್ ಬಾಯಿ ಮುಚ್ಚಿಕೊಂಡು ಕಲಿಯುತ್ತಿದ್ದಳು, ಆದರೆ ಇವಳು — ತಾನು ಕೈ ಹಿಡಿದು ಕಲಿಸಿದವಳು. ಮೆಲ್ಲಗೆ ಕಣೇ, ಅಂದಳು ಕೆಳಗಿನಿಂದ ಲಮ್ದುವನ್, ನನ್ನ ಕಾಲು ಅದು, ನಿನ್ನ ಶತ್ರುವಿನ ಕುತ್ತಿಗೆ ಅಲ್ಲ.

ಆಚಾನ್ ಇಲ್ಲಿ ಬನ್ನಿ, ಆಚಾನ್ ಇದು ಸರಿನಾ, ಆಚಾನ್ ಸ್ವಲ್ಪ ನೋಡಿ, ಬೆಳಿಗ್ಗೆಯಿಂದ ಹಜಾರದ ತುಂಬ ಅದೇ ಕೂಗು, ಆಚಾರ್ಯರಾಗಿಬಿಟ್ಟಿದ್ದಾಳೆ ಸೀತಾಫಲ, ಹೌದು, ನೊಯ್ನಾ ಅಂದರೆ ಅದೇ ತಾನೆ, ತಿಂದು ಬೀಜ ಉಗಿಯುವ ಹಣ್ಣು. ಬಿಳಿ ಅಂಗಿ, ಎದೆಯ ಮೇಲೆ ನೀಲಿ ದಾರದಲ್ಲಿ ಹೆಣೆದ ಹೆಸರು, ಬ್ಯಾಂಕಾಕಿನಲ್ಲಿ ಓದಿ ಬಂದವಳ ತಗ್ಗಿದ ದನಿ, ಪಕ್ಕದಲ್ಲಿ ನಿಲ್ಲಿಸಿಕೊಂಡ ಪ್ಲಾಸ್ಟಿಕ್ ಅಸ್ಥಿಪಂಜರ, ಬಲಗೈ ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಚರ್ಮದ ಬಣ್ಣದ ಪಟ್ಟಿ ಬೇರೆ, ಟಿವಿಯಲ್ಲಿ ಚೆಂಡಾಟದವರು ಸುತ್ತಿಕೊಳ್ಳುವಂಥದು, ಶೋಕಿ. ಮೊದಲ ದಿನ ಕೇಸೊನ್‌ಳನ್ನು ಕಂಡೊಡನೆ ಓಡಿ ಬಂದು ಕೈ ಮುಗಿದಳು, ಹಣೆಯವರೆಗೂ ಎತ್ತಿ ಮುಗಿದಳು, ಅದರಲ್ಲಿ ಕೊರತೆ ಮಾಡಲಿಲ್ಲ, ಆದರೆ ಬಾಯಲ್ಲಿ ಬಂದದ್ದು ಪೀ ಕೇಸೊನ್, ಚೆನ್ನಾಗಿದೀರಾ ಪೀ. ಪೀ, ಬರೀ ಅಕ್ಕ, ಸೊಪ್ಪು ಮಾರುವವಳಿಗೂ ಪೀ, ಬಸ್ಸಿನಲ್ಲಿ ಚೀಟಿ ಕೊಡುವವಳಿಗೂ ಪೀ. ಹದಿನೇಳು ವರ್ಷದ ಹಿಂದೆ ಇದೇ ಬಾಯಿ ಖ್ರೂ ಅನ್ನುತ್ತಿತ್ತು, ಗುರುವೇ ಅನ್ನುತ್ತಿತ್ತು, ಖ್ರೂ ನೀರು ಬಿಸಿಯಾಯ್ತು, ಖ್ರೂ ನಾನು ಮಲಗಲಾ, ಖ್ರೂ ಬೈಬೇಡಿ. ಆಮೇಲೆ ಬೆಳಗಿನ ವಂದನೆಗೆ ವೈದ್ಯ ಜೀವಕನ ಕಂಚಿನ ವಿಗ್ರಹದ ಮುಂದೆ ಎಲ್ಲರೂ ಕೂತಾಗ, ಗುರುಗಳ ಹೆಸರು ಹೇಳುವ ಹೊತ್ತಿನಲ್ಲಿ, ಕೇಸೊನ್ ನಾಚಿಕೆಗೆಟ್ಟು ಕಿವಿ ನಿಮಿರಿಸಿ ಕೂತಿದ್ದಳು, ಬ್ಯಾಂಕಾಕಿನ ಇಬ್ಬರ ಹೆಸರು ಬಂತು, ಚಿಯಾಂಗ್‌ಮಾಯಿಯ ಮುದುಕನೊಬ್ಬನ ಹೆಸರು ಬಂತು, ಕೊನೆಗೆ ನನಗೆ ಕಲಿಸಿದ ಎಲ್ಲರಿಗೂ, ಅಂದಳು. ಎಲ್ಲರಿಗೂ. ಮದುವೆಮನೆಯ ಬಾಗಿಲಲ್ಲಿ ಎಲೆ ಅಡಿಕೆ ಹಂಚಿದ ಹಾಗೆ.

ಈ ಆಚಾನ್ ಮೊದಲು ಹಿಡಿದ ಕಾಲು ನನ್ನದು — ಈ ಮಾತು ಅವತ್ತೇ ಹುಟ್ಟಿದ್ದು, ಮೂರು ದಿನದಿಂದ ಕೇಸೊನ್ ಅದನ್ನು ಉಜ್ಜಿ ಉಜ್ಜಿ ಹೊಳಪು ಬರಿಸಿದ್ದಾಳೆ. ಇವತ್ತು ಕೊನೆಯ ದಿನ, ಪರೀಕ್ಷೆ ಮುಗಿದ ಮೇಲೆ ಮೂರು ಗಂಟೆಗೆ ಸಮಾರಂಭ, ಆರೋಗ್ಯ ಇಲಾಖೆಯವರು ಬರುತ್ತಾರೆ, ಕಲಿತವರ ಪೈಕಿ ಹಿರಿಯಳು ಎದ್ದು ನಾಲ್ಕು ಮಾತಾಡಬೇಕು, ಹಿರಿಯಳು ಕೇಸೊನ್. ದನಿ ಎತ್ತರಿಸುವುದಿಲ್ಲ, ದೂರುವುದಿಲ್ಲ, ನಗುತ್ತಲೇ ಅಷ್ಟು ಹೇಳಿ ಕೂತುಕೊಳ್ಳುತ್ತಾಳೆ, ಆಮೇಲೆ ಇಡೀ ಹಜಾರ ತಿರುಗಿ ಯಾರನ್ನು ನೋಡುತ್ತದೆ ನೋಡೋಣ. ಸುಳ್ಳಲ್ಲವಲ್ಲ, ನಿಜವೇ, ಹತ್ತೊಂಬತ್ತರ ಹುಡುಗಿ ಗುಡ್ಡದ ಹಳ್ಳಿಯಿಂದ ಒಂದು ಕೈಚೀಲ ಹಿಡಿದು ಬಂದಾಗ ಒತ್ತಿ ಕಲಿಯಲು ತಮ್ಮ ಕಾಲು ಕೊಡುವವರು ಯಾರಿದ್ದರು, ಕೇಸೊನ್ ತಾನೇ ಚಾಪೆಯ ಮೇಲೆ ಮಲಗಿ ಎಡಗಾಲು ಚಾಚಿದಳು, ಬಾ, ಒತ್ತು, ಹೆದರಬೇಡ, ಮುರಿಯಲ್ಲ. ತಣ್ಣಗಿನ ಬೆರಳು, ನೆಟ್ಟಗೆ ಬಿದಿರಿನ ಗೂಟದಂತೆ ಒಂದಿಷ್ಟೂ ಬಾಗದ ಹೆಬ್ಬೆರಳು. ಕೇಸೊನ್‌ಳದು ಹುಟ್ಟಿನಿಂದಲೇ ಸೌಟಿನ ಹಾಗೆ ಹಿಂದಕ್ಕೆ ಬಾಗಿದ್ದು, ತುದಿಯ ಮೆತ್ತೆ ಪೂರ್ತಿ ಮೈಗೆ ಕೂರುತ್ತದೆ, ಅವಳ ಗುರು, ಹಲ್ಲಿಲ್ಲದ ಮುದುಕಿ, ಆ ಬೆರಳು ಹಿಡಿದು ಎಲ್ಲರಿಗೂ ತೋರಿಸುತ್ತಿದ್ದಳು, ಇದು ಹಿಂದಿನ ಜನ್ಮದಿಂದ ತಂದ ಬೆರಳು ಅಂತ. ಕೇಸೊನ್‌ಗೆ ಆ ಬೆರಳೊಂದೇ ಆಸ್ತಿ, ಮಕ್ಕಳಿಲ್ಲ, ಗಂಡ ಇದ್ದೂ ಇಲ್ಲದವನು, ಬೆರಳನ್ನಾದರೂ ಯಾರಿಗಾದರೂ ಕೊಟ್ಟು ಹೋಗಬೇಕೆಂದು ಹಟ, ದಿನಾ ಬೆಳಿಗ್ಗೆ ಹುಡುಗಿಯ ಬಲಗೈಯನ್ನು ಅರಿಶಿನದ ಬಿಸಿನೀರಿನಲ್ಲಿ ಅದ್ದಿಸಿ ಆ ಗೂಟವನ್ನು ಹಿಂದಕ್ಕೆ ಬಾಗಿಸುತ್ತಿದ್ದಳು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ, ನೋವಾ? ಇಲ್ಲ ಖ್ರೂ. ಕಣ್ಣಲ್ಲಿ ನೀರು ನಿಂತಿರುತ್ತಿತ್ತು, ಆದರೂ ಇಲ್ಲ ಖ್ರೂ. ಮೂರನೇ ವರ್ಷಕ್ಕೆ ಬಾಗಿತು, ಎರಡು ಬೆರಳನ್ನೂ ಪಕ್ಕಪಕ್ಕ ಇಟ್ಟು ನೋಡಿ ಇಬ್ಬರೂ ನಕ್ಕಿದ್ದರು, ತಾಯಿ ಮಗಳ ಹಾಗೆ ಇದೆಯಲ್ಲ ಅಂದಿದ್ದಳು ಕೇಸೊನ್, ಅಂಥ ಬೆರಳನ್ನು ಪಟ್ಟಿಯೊಳಗೆ ಮುಚ್ಚಿಟ್ಟು ಈಗ ಮೊಣಕೈಯಂತೆ.

ಮಧ್ಯಾಹ್ನ ಹಜಾರದ ಮೆಟ್ಟಿಲ ಮೇಲೆ ಊಟ, ಬುಟ್ಟಿಯಲ್ಲಿ ಜಿಗುಟು ಅನ್ನ, ಸುಟ್ಟ ಹಸಿಮೆಣಸಿನ ಚಟ್ನಿ, ಹುರಿದ ಹಂದಿ ಚರ್ಮ, ಲಮ್ದುವನ್ ಬೆರಳು ನೆಕ್ಕುತ್ತ ಹೇಳಿದಳು, ನನ್ನ ಸೊಂಟ ಹಿಡ್ಕೊಂಡಿತ್ತಲ್ಲ, ಆಚಾನ್ ಮೊಣಕೈ ಇಟ್ಟು ಎರಡು ನಿಮಿಷ, ಹೋಯ್ತು ನೋಡು, ನೀನು ಹತ್ತು ವರ್ಷ ಒತ್ತಿದ್ದೇ ಬಂತು. ಹತ್ತು ವರ್ಷ ಪುಕ್ಕಟೆ ಒತ್ತಿಸ್ಕೊಂಡೆಯಲ್ಲ, ಅದನ್ನೂ ಹೇಳು, ಅಂದಳು ಕೇಸೊನ್. ಹೇಳ್ತೀನಿ ಬಿಡೆ, ಪುಕ್ಕಟೆಗೆ ಸಿಗೋದು ಅಷ್ಟೇ. ಸುತ್ತಲಿದ್ದವರು ನಕ್ಕರು, ಕೇಸೊನ್‌ಳೂ ನಕ್ಕಳು, ಅನ್ನದ ಉಂಡೆಯನ್ನು ಚಟ್ನಿಗೆ ಅದ್ದಿದಳು. ಯಾರೋ ನೆನಪಿಸಿಕೊಂಡರು, ಮೊದಲನೇ ದಿನ ಆಚಾನ್ ಹೆದರಿಸಿಬಿಟ್ಟರಪ್ಪ, ಹೆಬ್ಬೆರಳು ಹಿಂದಕ್ಕೆ ಬಾಗಿಸಿ ಒತ್ತಿದರೆ ಹತ್ತು ವರ್ಷದಲ್ಲಿ ಚಮಚ ಹಿಡಿಯಕ್ಕೂ ಆಗಲ್ಲ ಅಂತ. ಹೌದು, ಅವತ್ತು ನೊಯ್ನಾ ಅಸ್ಥಿಪಂಜರದ ಕೈ ಹಿಡಿದು ತೋರಿಸಿದ್ದಳು, ಮೂಳೆಯ ಮೇಲೆ ಮೂಳೆ ನೆಟ್ಟಗೆ ಕೂರಬೇಕು, ಕೆಲವರಿಗೆ ಹುಟ್ಟಿನಿಂದ ಬಾಗಿರತ್ತೆ, ಅವರಿಗೆ ತಡೆಯತ್ತೆ, ಇಲ್ಲದವರು ಬಾಗಿಸಬಾರದು, ನಾನು ಹಾಗೆ ಕಲಿತು ಕೆಟ್ಟೆ. ಹಿಂದಿನ ಸಾಲಿನ ಒಬ್ಬಳು ಕೇಳಿದ್ದಳು, ಯಾರು ಹಾಗೆ ಕಲಿಸಿದ್ದು ಆಚಾನ್, ಅವರಿಗೂ ಒಂದು ಚಾಪೆ ಹಾಕಿ ಕೂರಿಸಿ ಇಲ್ಲಿ. ಎಲ್ಲರೂ ಗೊಳ್ಳೆಂದಿದ್ದರು. ನೊಯ್ನಾ ಕೇಸೊನ್ ಕಡೆ ನೋಡಲೂ ಇಲ್ಲ, ಯಾರೂ ಕಲಿಸಲಿಲ್ಲ, ನನ್ನ ಮೊಂಡುತನ, ನಾನೇ ಕಲಿತೆ, ಅಂದಳು. ನಾನೇ ಕಲಿತೆ. ಅರಿಶಿನದ ನೀರು ಯಾರು ಕಾಯಿಸಿದ್ದು, ಮೂರು ವರ್ಷ ಅನ್ನ ಯಾರು ಹಾಕಿದ್ದು, ಯಾರ ಎಡಗಾಲು ಅದು — ಇರಲಿ, ಇರಲಿ, ಮೂರು ಗಂಟೆಯಾಗಲಿ.

ಪರೀಕ್ಷೆಗೆ ಒಬ್ಬೊಬ್ಬರೂ ಆಚಾನಳ ಮೈಯನ್ನೇ ಒತ್ತಬೇಕು, ಕಾಲು, ಬೆನ್ನು, ಕೊನೆಗೆ ಕೈ. ಕೇಸೊನ್‌ಳ ಸರದಿ ಬಂದಾಗ ನೊಯ್ನಾ ಮಲಗಿಯೇ ಇದ್ದಳು, ಮಗ್ಗುಲಲ್ಲಿ ಬೇಯುತ್ತಿದ್ದ ಗಿಡಮೂಲಿಕೆ ಗಂಟುಗಳ ಹಬೆ, ಮಜ್ಜಿಗೆಹುಲ್ಲು, ಕರ್ಪೂರ, ಹಜಾರವೆಲ್ಲ ಬೆವರುತ್ತಿತ್ತು. ಎಡಪಾದ ಕೈಗೆ ತೆಗೆದುಕೊಂಡಳು, ಈ ಪಾದ ಗೊತ್ತು, ಹಿಮ್ಮಡಿಯ ಬಿರುಕು ಹೋಗಿದೆ, ಬ್ಯಾಂಕಾಕಿನ ಚಪ್ಪಲಿ, ಮಂಡಿಯ ಹಿಂದೆ ಮೊದಲೇ ಇದ್ದ ಗಂಟು, ಎಡ ಹೆಗಲ ಹಲಗೆಯ ಕೆಳಗೆ ಇನ್ನೊಂದು, ಎಲ್ಲವೂ ಇಟ್ಟಲ್ಲೇ ಇದೆ, ಬೇಕೆಂದೇ ಹೆಬ್ಬೆರಳನ್ನು ಪೂರ್ತಿ ಹಿಂದಕ್ಕೆ ಬಾಗಿಸಿ ಒತ್ತಿದಳು, ನೋಡಲಿ ಎಲ್ಲರೂ, ಐವತ್ತೇಳರ ಬೆರಳು, ಚಮಚವನ್ನೂ ಹಿಡಿಯುತ್ತದೆ. ನೊಯ್ನಾ ಕಣ್ಣು ಮುಚ್ಚಿಯೇ ಅಂದಳು, ನಿಮ್ಮ ಕೈ ಮಾತ್ರ ಹಾಗೇ ಇದೆ ಪೀ. ಆಚಾನ್ ಮೆಚ್ಚಿದರಲ್ಲ, ಸಾಕು, ಅಂದಳು ಕೇಸೊನ್. ಬಲಗೈಗೆ ಬಂದಾಗ ನೊಯ್ನಾ ಅದನ್ನು ಮೆಲ್ಲಗೆ ಪಕ್ಕೆಯ ಕೆಳಗೆ ಸರಿಸಿಕೊಂಡಳು, ಬಲಗೈ ಬೇಡ ಪೀ, ನಿಮ್ಮದಾಯ್ತು, ಪೂರ್ತಿ ಅಂಕ ಹಾಕ್ತೀನಿ. ಯಾಕೆ ಬೇಡ, ಎಲ್ಲರಿಗೂ ಇರೋದು ನನಗೂ ಇರಲಿ, ಆಮೇಲೆ ಹಳೇ ಪರಿಚಯ ಅಂತ ಬಿಟ್ಟರು ಅನ್ನೋದು ಬೇಡ. ಎಲ್ಲರಿಗೂ ಎಡಗೈ ಮಾತ್ರ ಕೊಟ್ಟಿದ್ದು, ಅಂದಳು ನೊಯ್ನಾ, ಆದರೆ ಕೇಸೊನ್ ಆಗಲೇ ಎಳೆದುಕೊಂಡಿದ್ದಳು, ಹಬೆಗೆ ನೆಂದಿದ್ದ ಪಟ್ಟಿ ಒದ್ದೆ ಸಿಪ್ಪೆಯಂತೆ ಜಾರಿ ಅವಳ ಕೈಗೇ ಬಂತು.

ಮೊದಲು ಕಂಡದ್ದು ಬಿಳಿಚಿದ ಚರ್ಮ, ಬಿಸಿಲು ಕಾಣದ್ದು, ಆಮೇಲೆ ಬೆರಳು. ಬುಡದ ಮೂಳೆ ತನ್ನ ಜಾಗ ಬಿಟ್ಟು ಹೊರಗೆ ಬಂದು ಗೋಲಿಯ ಹಾಗೆ ಕೂತಿದೆ, ಅಂಗೈಯ ಉಬ್ಬು ಬತ್ತಿ ಹಳ್ಳವಾಗಿದೆ, ಆ ಹಳ್ಳದ ಮೇಲೆ ಹೆಬ್ಬೆರಳು ಹಿಂದಕ್ಕೆ ಬಿದ್ದುಕೊಂಡಿದೆ, ಸೌಟಿನ ಹಾಗೆ, ತನ್ನದರ ಹಾಗೇ, ಅದೇ ಬಾಗು, ಅಳತೆ ತೆಗೆದಂತೆ ಅದೇ. ಕೇಸೊನ್ ತುದಿಯನ್ನು ಮುಟ್ಟಿದಳು, ಒತ್ತು ಅಂದಳು, ಅಭ್ಯಾಸಬಲ, ಅಂದು ಅನ್ನುತ್ತಿದ್ದ ಹಾಗೆ, ನೊಯ್ನಾ ಒತ್ತಿದಳು, ಏನೂ ಬರಲಿಲ್ಲ, ಸೊಳ್ಳೆ ಕೂತಷ್ಟೂ ಇಲ್ಲ. ಎಷ್ಟು ದಿನದಿಂದ? ಆರು ವರ್ಷ ಆಯ್ತು. ನೋವಾ? ಇಲ್ಲ ಖ್ರೂ, ಅಂದಳು ನೊಯ್ನಾ, ತಡೆದು, ಪೀ, ಅಂದಳು, ಬೆಳಿಗ್ಗೆ ಹೊತ್ತು ಅಷ್ಟೇ, ಮಗಳ ಅಂಗಿ ಗುಂಡಿ ಹಾಕಕ್ಕೆ ಬರಲ್ಲ, ಅದನ್ನ ಅವರಪ್ಪ ಹಾಕ್ತಾನೆ. ನನಗೆ ಒಂದು ಮಾತು ಹೇಳಬಾರದಾ. ಏನಂತ ಹೇಳಲಿ ಪೀ, ನೀವು ನಿಮ್ಮ ಹತ್ರ ಇರೋದನ್ನೇ ಕೊಟ್ಟಿರಿ. ಇಷ್ಟೂ ಪಿಸುಮಾತಿನಲ್ಲಿ, ಹಿಂದೆ ಸಾಲಿನಲ್ಲಿ ಲಮ್ದುವನ್ ಆಕಳಿಸುತ್ತಿದ್ದಳು, ಏನೇ ಕೇಸೊನ್, ಕೈರೇಖೆ ನೋಡ್ತಿದೀಯಾ, ಬೇಗ ಬಿಡು. ನೊಯ್ನಾ ಎಡಗೈಯಿಂದ ಪಟ್ಟಿಯನ್ನು ಸುತ್ತಿಕೊಳ್ಳತೊಡಗಿದಳು, ಸರಿಯಾಗಿ ಕೂರಲಿಲ್ಲ, ಕೇಸೊನ್ ತೆಗೆದುಕೊಂಡು ಸುತ್ತಿದಳು, ಮಣಿಕಟ್ಟಿಗೆ ಎರಡು ಸುತ್ತು, ಬುಡಕ್ಕೆ ಒಂದು, ಗೋಲಿ ಮುಚ್ಚಿತು, ಮುಚ್ಚಿದರೂ ಅವಳ ಕೈಗೆ ಗೊತ್ತಾಗುತ್ತಿತ್ತು.

ನಾನೇ ಕಲಿತೆ ಅಂತ ನೊಯ್ನಾ ಅಂದದ್ದು ಅದಕ್ಕೆ. ಕೈಕಾಲು ತೊಳೆಯುವಾಗ, ಇಲಾಖೆಯವರ ಕಾರು ಬಂದಾಗ, ಕುರ್ಚಿ ಜೋಡಿಸುವಾಗ, ಇದೊಂದೇ, ಅದಕ್ಕೇ ಅಂದದ್ದು, ಅದಕ್ಕೇ ಹೆಸರು ಹೇಳದೆ ಎಲ್ಲರಿಗೂ ಅಂದದ್ದು, ಅವತ್ತು ಹೆಸರು ಹೇಳಿದ್ದರೆ ಬೆರಳು ಕೆಡಿಸಿದವಳು ಇವಳೇ ಅಂತ ಇಡೀ ಹಜಾರ ತಿರುಗಿ ನೋಡುತ್ತಿತ್ತು, ತಿರುಗಿ ನೋಡಲೆಂದೇ ತಾನೆ ತಾನೂ ಮೂರು ದಿನದಿಂದ — ಹೊಟ್ಟೆಯೊಳಗಿನ ಉರಿ ಇಷ್ಟಕ್ಕೆ ಆರಬೇಕಿತ್ತು, ಆರಲಿಲ್ಲ, ಜಾಗ ಬದಲಾಯಿಸಿ ಕೂತಿತು, ನಾಚಿಕೆಯ ಪಕ್ಕದಲ್ಲೇ ಕೂತಿತು, ಕ್ಷಮಿಸುವಷ್ಟು ದೊಡ್ಡವಳು ಯಾವಾಗ ಆದಳು ಇವಳು, ಅದನ್ನು ಯಾರು ಕಲಿಸಿದರು, ಅದೂ ನನ್ನಿಂದ ಕಲಿತದ್ದಲ್ಲ. ಅದರ ಕೆಳಗೆ ಇನ್ನೊಂದು ಯೋಚನೆ ಹರಿಯಿತು, ಅದನ್ನು ಕೇಸೊನ್ ನೋಡಲು ಹೆದರಿದಳು, ಆದರೂ ನೋಡಿದಳು, ಬ್ಯಾಂಕಾಕಿನ ಆ ಇಬ್ಬರು, ಚಿಯಾಂಗ್‌ಮಾಯಿಯ ಮುದುಕ, ಅವರು ಏನೇ ಕಲಿಸಿರಲಿ, ಅವಳ ಮೈಮೇಲೆ ಗುರುತು ಬಿಟ್ಟವಳು ನಾನೊಬ್ಬಳೇ. ಹೀಗೆ ಅಂದುಕೊಂಡಾಗ ಎದೆಯಲ್ಲಿ ಸಣ್ಣದಾಗಿ ಆದದ್ದು ಸಂತೋಷವೇ, ಬೇರೇನೂ ಅಲ್ಲ, ಥೂ, ಎಂಥವಳು ನಾನು.

ಇಲಾಖೆಯ ಹೆಂಗಸು ಮಾತು ಮುಗಿಸಿ ಹೆಸರಿನ ಹಾಳೆ ನೋಡಿ ಕರೆದಳು, ಹಿರಿಯರಾದ ಪೀ ಕೇಸೊನ್ ಬಂದು ಎರಡು ಮಾತಾಡಲಿ. ಹೋಗೆ, ಮೂರು ದಿನದಿಂದ ಗೊಣಗ್ತಿದ್ದೆಯಲ್ಲ, ಎಲ್ಲ ಹೇಳಿಬಿಡು, ಅಂತ ಲಮ್ದುವನ್ ತಿವಿದಳು. ಎದ್ದಳು, ಮಂಡಿ ಚಟಕ್ಕೆಂದಿತು, ಯಾರೋ ಧ್ವನಿವರ್ಧಕ ಕೈಗೆ ಕೊಟ್ಟರು, ತಣ್ಣಗಿತ್ತು, ಉಜ್ಜಿ ಹೊಳಪಿಸಿದ ಮಾತು ನಾಲಿಗೆಯ ಮೇಲೆ ಸಿದ್ಧವಾಗಿ ಕೂತಿತ್ತು, ಈಗಲೂ ಸುಳ್ಳಲ್ಲ, ಈಗಲೂ ಹೇಳಬಹುದು, ಹೇಳಿದರೆ ನೊಯ್ನಾ ಎದ್ದು ಹೌದು ಅನ್ನುತ್ತಾಳೆ, ನಗುತ್ತಲೇ ಅನ್ನುತ್ತಾಳೆ, ಹಿಂದಿನ ಸಾಲಿನವಳು ಮಾತ್ರ ಲೆಕ್ಕ ಕೂಡಿಸುತ್ತಾಳೆ, ಅದಕ್ಕಲ್ಲ, ಅದಕ್ಕೆ ಹೆದರಿ ಅಲ್ಲ — ಇಲ್ಲ, ಹೇಳುವುದಿಲ್ಲ, ಇವತ್ತೂ ಇಲ್ಲ, ಇನ್ನು ಯಾವತ್ತೂ ಇಲ್ಲ, ಲಮ್ದುವನ್‌ಗೂ ಇಲ್ಲ, ಆಚಾನ್ ಚೆನ್ನಾಗಿ ಕಲಿಸಿದರು ಅಂದರೆ ಸಾಕು, ಅಷ್ಟೇ ಅನ್ನುತ್ತಾಳೆ, ಗುರುವಿಗೆ ಅನ್ನುವ ಹಾಗೆ. ಉಸಿರು ತೆಗೆದುಕೊಂಡಳು. ಹಿರಿಯಳು ಎದ್ದಳೆಂದು ಇಡೀ ಹಜಾರ ಕೈ ಮುಗಿದಿತ್ತು, ಮುಂದಿನ ಸಾಲಿನಲ್ಲಿ ನೊಯ್ನಾಳೂ ಮುಗಿದಿದ್ದಳು, ಅಂಗೈಗೆ ಅಂಗೈ, ಬೆರಳಿಗೆ ಬೆರಳು, ಎಡ ಹೆಬ್ಬೆರಳು ನೆಟ್ಟಗೆ ನಿಂತಿದೆ, ಬಲದ್ದು ಅದನ್ನು ಮುಟ್ಟಲಾರದೆ ಹಿಂದಕ್ಕೆ ಬಾಗಿದೆ, ನಡುವೆ ಒಂದು ಸಂದು, ಸಂದಿನಲ್ಲಿ ಬೆಳಕು, ಆಚಾನ್ ಚೆನ್ನಾಗಿ ಕಲಿಸಿದರು, ಅಂದಳು ಕೇಸೊನ್, ಬೆಳಕು, ಆ ಸಂದು.