ಮಾಲೆಯಲ್ಲೊಂದು ಸಂದು

ಅಕ್ಕ ಯಶೋಧಾ ಕಟ್ಟುವ ಮಾಲೆಯನ್ನು ಓದಲು ನನಗೆ ಬರುತ್ತದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬೇರೆ ಓದು ಅಷ್ಟಕ್ಕಷ್ಟೆ. ಅವಳ ತಲೆಯೊಳಗೆ ಗಾಳಿ ಎದ್ದರೆ ಹೂವಿಗೂ ಹೂವಿಗೂ ನಡುವೆ ದಾರ ಕಾಣುತ್ತದೆ. ನಿದ್ದೆ ಬಿಟ್ಟು ಮೊಳದ ಮೇಲೆ ಮೊಳ ಕಟ್ಟುತ್ತಾಳೆ. ಮನಸ್ಸು ಕುಸಿದ ದಿನಗಳಲ್ಲಿ ಗಂಟು ಬಿಗಿಯಾಗಿ, ತೊಟ್ಟು ತುಂಡಾಗಿ, ಹೂವು ಮಡಿಲಿಗೆ ಬೀಳುತ್ತದೆ. ಮನಸ್ಸಿನ ಈ ಏರಿಳಿತವನ್ನು ಡಾಕ್ಟರು ಬೈಪೋಲಾರ್ ಎಂದರು.

ಊರೆಲ್ಲ ಮಲ್ಲಿಗೆಯಿರುವ ಹಡಗಲಿಯಲ್ಲಿ ಅವಳು ಕಟ್ಟುವುದು ಕನಕಾಂಬರ ಮಾತ್ರ. ಅದಕ್ಕೆ ವಾಸನೆಯಿಲ್ಲ. ಐದು ವರ್ಷದ ಹಿಂದೆ ಇಟ್ಟಿಗಿ ಊರಿನಿಂದ ಅಕ್ಕ ಹೂವು ತರುತ್ತಿದ್ದ ಟೆಂಪೊ ಮಗುಚಿತು. ಒದ್ದೆ ಮಲ್ಲಿಗೆ ಬುಟ್ಟಿಗಳ ಕೆಳಗೆ ಅಕ್ಕ ಗೆಳತಿ ಎರ್ರೆಮ್ಮನ ಕೈ ಹಿಡಿದುಕೊಂಡೇ ಇದ್ದಳು. ಜನ ಬಂದು ಎತ್ತುವಷ್ಟರಲ್ಲಿ ಆ ಕೈ ತಣ್ಣಗಾಗಿತ್ತು. ಅಂದಿನಿಂದ ಮಲ್ಲಿಗೆಯ ಘಮ ಬಂದರೆ ಅಕ್ಕನಿಗೆ ಉಸಿರು ಸಿಗುವುದಿಲ್ಲ. ಗಂಡನ ಮನೆ ಇರುವುದೇ ಇಟ್ಟಿಗಿಯ ಮಲ್ಲಿಗೆ ತೋಟದಲ್ಲಿ. ಆರು ವರ್ಷದ ಮಗಳು ಅಮೃತಾ ಅಲ್ಲಿ, ಅಕ್ಕ ಇಲ್ಲಿ, ನಮ್ಮ ಮನೆಯಲ್ಲಿ.

ಹೊಸಪೇಟೆಯ ಡಾಕ್ಟರ್ ಮೇಡಂ ಒಂದು ವರ್ಷ ಬರೀ ಗುಳಿಗೆ ಕೊಟ್ಟು ಅವಳನ್ನು ಸ್ಥಿರ ಮಾಡಿದರು. ಆಮೇಲೆ ಆ ದಿನದ ಗಾಯಕ್ಕೆ ಚಿಕಿತ್ಸೆ ಶುರುಮಾಡಿದರು. ಹಾಳೆಯ ಮೇಲೆ ಮಿದುಳು ಬರೆದು, ಒಳಗೊಂದು ಬಾದಾಮಿ ಬರೆದರು. ಅಪಾಯ ಎಂದು ಕೂಗುವುದು ಅದಂತೆ. ಟೆಂಪೊದ ಗಳಿಗೆ ಮುಗಿಯಿತೆಂದು ಅದಕ್ಕಿನ್ನೂ ಗೊತ್ತಾಗಿಲ್ಲವಂತೆ.

"ನೆನಪು ಹೋಗಲ್ಲ ಯಶೋಧಾ, ಕೂಗು ತಗ್ಗಬಹುದು" ಎಂದರು. ನನಗೂ ಒಂದು ಕೆಲಸ ಹಚ್ಚಿದರು. "ದಿನಾ ಎಷ್ಟು ತಾಸು ಮಲಗ್ತಾಳೆ ಕ್ಯಾಲೆಂಡರ್‌ನಲ್ಲಿ ಬರಿ. ನಿದ್ದೆ ಕಮ್ಮಿಯಾದ್ರೆ ಫೋನ್ ಮಾಡು. ಖುಷಿ ಹೆಚ್ಚಾದ್ರೂ ಮಾಡು."

ಆ ದಿನವನ್ನು ನೆನೆಯಲು ಹೇಳಿ ಮೇಡಂ ಬೆರಳು ಎಡಕ್ಕೆ, ಬಲಕ್ಕೆ ಆಡಿಸುವರು. ಅಕ್ಕನ ಕಣ್ಣು ಹಿಂದೆಯೇ ಹೋಗುವುದು. ಮೂಲೆಯಲ್ಲಿ ಕೂತ ನನಗೆ ಕೋಣೆಯೇ ಜೋಲಿಯಂತೆ ತೂಗಿದ ಹಾಗೆ ಆಗುತ್ತಿತ್ತು. ಒಂದು ದಿನ ವಾಪಸು ಬರುವ ಬಸ್ಸಿನಲ್ಲಿ ಅಕ್ಕ ಕಿಟಕಿಗೆ ಹಣೆ ಹಚ್ಚಿ, "ಇವತ್ತು ಎರ್ರೆಮ್ಮ ಬುಟ್ಟಿ ಸರಿಸಿ ಎದ್ದು ಕುಂತ್ಲು. ಸೀರಿ ಮ್ಯಾಲಿನ ಹೂವು ಜಾಡಿಸ್ಕೊಂಡ್ಲು" ಎಂದಳು.

ಮೊನ್ನೆ ಮಧ್ಯಾಹ್ನ ಅಕ್ಕ ನಕ್ಕಳು. ತಾನೇ ಹೋಗಿ ಒಂದು ತಟ್ಟೆ ಮಲ್ಲಿಗೆ ಮೊಗ್ಗು ತಂದಳು.

"ಸಂಜಿಗೆ ಅಮೃತಾ ಬರ್ತಾಳ. ಆಕಿಗೆ ನಾನ ಮುಡಿಸ್ತೀನಿ."

ಅವ್ವ ನನ್ನ ತೋಳು ಹಿಡಿದು ಒಳಗೆಳೆದಳು. "ಮತ್ತ ಏರಾಕ ಹತ್ತೇತಿ ಇಕಿಗೆ. ಮೇಡಂಗ ಫೋನ್ ಹಚ್ಚು."

ಕ್ಯಾಲೆಂಡರ್ ನೋಡಿದೆ. ಏಳು, ಏಳು, ಆರೂವರೆ ತಾಸು.

"ಮಾಲಿ ಕಟ್ಟೋದು ನೋಡಿ ಹಚ್ತೀನಿ, ತಡಿ."

"ಬಂದ್ಲು ನೋಡು ಡಾಕ್ಟರಮ್ಮ" ಎಂದು ಅವ್ವ ನನ್ನನ್ನು ಹಂಗಿಸಿದಳು.

ಫೋನ್ ಕೈಯಲ್ಲಿ ಹಿಡಿದು, ಅಕ್ಕ ಕಟ್ಟುವುದನ್ನು ನೋಡುತ್ತ ಬಾಗಿಲಲ್ಲಿ ಕೂತೆ. ಬಿಸಿಲು ಇಳಿದಂತೆ ತಟ್ಟೆಯ ಮೊಗ್ಗು ಬಿರಿಯತೊಡಗಿದವು. ಘಮ ನೀರಿನಂತೆ ಮನೆಯೊಳಗೆ ಏರಿತು. ಮೊಣಕಾಲಿಗೆ, ಸೊಂಟಕ್ಕೆ, ಕತ್ತಿಗೆ. ಅಕ್ಕನ ಕೈ ನಿಂತಿತು. ತುಟಿ ಬಿಳಿಚಿತು. ಪಾದಗಳನ್ನು ನೆಲಕ್ಕೆ ಒತ್ತಿದಳು. ಕಣ್ಣು ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಇಲ್ಲದ ಬೆರಳೊಂದರ ಹಿಂದೆ ಎಷ್ಟೋ ಹೊತ್ತು ಹೋಗಿಬಂತು. ಆಮೇಲೆ ಘಮ ಅಲ್ಲೇ ಇತ್ತು, ನೀರು ಇರಲಿಲ್ಲ. ಅಕ್ಕ ಮುಂದಿನ ಹೂವು ತೆಗೆದುಕೊಂಡಳು.

ಸಂಜೆ ಅಮೃತಾ ತಾಯಿಯ ಮುಂದೆ ಕೂತು ಮಾಲೆಯನ್ನು ಬೆರಳಿನಿಂದ ಮುಟ್ಟಿ ನೋಡಿದಳು. "ಯವ್ವಾ, ಇಲ್ಲ್ಯಾಕ ಹೂವಿಲ್ಲ?"

"ಅಲ್ಲಿ ಸ್ವಲ್ಪ ನಿಂತಿದ್ದೆ."

"ಆಮ್ಯಾಲೆ?"

"ಆಮ್ಯಾಲೆ ಮತ್ತ ಕಟ್ಟಿದೆ."

ಒಂದೇ ಸಂದು, ಬೆರಳಗಲ. ಅದರಾಚೆ ಈಚೆ ಗಂಟುಗಳು ಸಮನಾಗಿದ್ದವು. ನಾನು ಹಿತ್ತಲಿಗೆ ಹೋಗಿ ಫೋನ್ ಮಾಡಿದೆ.

"ಮೇಡಂ, ಅಕ್ಕಗ ಖುಷಿ ಆಗೇತ್ರಿ" ಎಂದೆ. "ಏರಿದ್ದಲ್ಲ, ಬರೀ ಖುಷಿ ಅನ್ನಿಸ್ತೈತ್ರಿ."