ಗೀರು ಬಿದ್ದ ಕಾಯಿಗಳು

ಸರ್ಕಾರಿ ಅಧಿಕಾರಿ ನೆಜಾತ್ ಬೇ ಹಸಿರು ಗಸಗಸೆ ಕಾಯಿಯೊಂದನ್ನು ದಂಟಿನ ಸಮೇತ ಬಾಗಿಸಿ ಭೂತಗನ್ನಡಿಯಲ್ಲಿ ನೋಡತೊಡಗಿದಾಗ, ಬದುವಿನ ಮೇಲೆ ನಿಂತಿದ್ದ ಇಡೀ ಊರು ಉಸಿರು ಬಿಗಿಹಿಡಿಯಿತು. ಕಾಯಿಯ ಮೈಮೇಲೆ ಗೀರಿತ್ತು. ಪಕ್ಕದ ಕಾಯಿಯ ಮೇಲೂ ಇತ್ತು. ಅವರು ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ನಡೆದು, ಕೊನೆಗೆ ಬೆನ್ನು ನೆಟ್ಟಗೆ ಮಾಡಿಕೊಂಡು, "ನಲವತ್ತೊಂದು" ಎಂದರು.

ಎಲ್ಲರೂ ಉಮ್ಮುಹಾನ್ ಅಜ್ಜಿಯನ್ನು ನೋಡಿದರು.

ಹೊಲ ಅವಳದು. ಅದಕ್ಕಿಂತ ಮುಖ್ಯವಾಗಿ, ಕೈ ಅವಳದು. ಟರ್ಕಿಯ ಅಫ್ಯೋನ್ ಸೀಮೆಯ ಆ ಸುತ್ತಿನ ಏಳೂ ಹಳ್ಳಿಗಳಲ್ಲಿ ಅವಳ ಹಾಗೆ ಕಾಯಿ ಗೀರುವವರು ಇರಲಿಲ್ಲ. ಹದಿನಾರನೇ ವಯಸ್ಸಿನಿಂದ ಅರವತ್ತೆಂಟರವರೆಗೆ, ಪ್ರತಿ ಜೂನ್ ತಿಂಗಳೂ ಸಂಜೆ ಗೀರಿ, ಬೆಳಿಗ್ಗೆ ಕಂದುಬಣ್ಣಕ್ಕೆ ತಿರುಗಿ ಗಟ್ಟಿಯಾದ ಹಾಲನ್ನು ಕೆರೆದು, ಅಫೀಮು ಮಾಡಿ ಸರ್ಕಾರಕ್ಕೆ ಒಪ್ಪಿಸಿದವಳು. ಆಮೇಲೆ ಅಮೆರಿಕದ ಬೀದಿಗಳಲ್ಲಿ ಹುಡುಗರು ಸೂಜಿ ಚುಚ್ಚಿಕೊಂಡು ಹಾಳಾಗುತ್ತಿದ್ದಾರೆಂದು ರಾಜಧಾನಿ ಅಂಕಾರಾದಿಂದ ಆಜ್ಞೆ ಬಂದು, ಅನಾತೋಲಿಯದ ಎಮ್ಮೆಗಳಿಗೆ ಗಸಗಸೆ ಹಿಂಡಿ ತಪ್ಪಿತು. ಗಸಗಸೆ ಬಿತ್ತಕೂಡದು. ಬಿತ್ತದ ಮೇಲೆ ಎಣ್ಣೆಯಿಲ್ಲ, ರೊಟ್ಟಿಯ ಮಡಿಕೆಗಳಿಗೆ ಸವರಲು ಅರೆದ ಗಸಗಸೆಯಿಲ್ಲ, ಚಾಕುವಿನಲ್ಲಿ ಕೊಯ್ಯುವಷ್ಟು ಗಟ್ಟಿಯಾದ ಕೆನೆಯಿಲ್ಲ. ಆ ವರ್ಷಗಳಲ್ಲಿ ಊರಿನ ಎರಡು ಮದುವೆಗಳು ಸೂರ್ಯಕಾಂತಿ ಎಣ್ಣೆಯಲ್ಲೇ ನಡೆದುಹೋದವು. ಆ ಎರಡು ಜೋಡಿಗಳು ಈಗಲೂ ಜಗಳವಾಡುವುದಕ್ಕೆ ಬೇರೆ ಕಾರಣವನ್ನು ಊರು ಹುಡುಕಿಲ್ಲ.

ಕಳೆದ ವರ್ಷ ನಿಷೇಧ ತೆರವಾದಾಗ ಡೋಲು ಬಡಿದು ಕುಣಿದಿದ್ದರು. ಷರತ್ತು ಗೊತ್ತಾದದ್ದು ಕುಣಿದು ಸುಸ್ತಾದ ಮೇಲೆ. ಬೆಳೆಯಬಹುದು, ಗೀರುವ ಹಾಗಿಲ್ಲ. ಕಾಯಿ ಗಿಡದಲ್ಲೇ ಒಣಗಬೇಕು. ಬೀಜ ರೈತನಿಗೆ, ಒಣ ತೊಗಟೆ ಸರ್ಕಾರಕ್ಕೆ, ಔಷಧಿಯನ್ನು ಅದರಿಂದ ಕಾರ್ಖಾನೆ ತೆಗೆದುಕೊಳ್ಳುತ್ತದೆ. ಒಂದು ಹೊಲದಲ್ಲಿ ಗೀರು ಕಂಡರೂ ಇಡೀ ಊರಿನ ಪರವಾನಗಿ ರದ್ದು, ನಿಂತ ಬೆಳೆಯ ಮೇಲೆ ಟ್ರಾಕ್ಟರು. ಊರಿನ ಹಿರಿತನ ನೋಡಿಕೊಳ್ಳುವ ಮುಖ್ತಾರ ರುಷ್ತು ಮನೆಮನೆಗೆ ಹೋಗಿ ಗೀರುಚಾಕುಗಳನ್ನೆಲ್ಲ ಗೋಣಿಚೀಲದಲ್ಲಿ ಕಟ್ಟಿ ಕಚೇರಿಗೆ ಒಪ್ಪಿಸಿ ಬಂದಿದ್ದ. ಉಮ್ಮುಹಾನಳ ಮನೆಯನ್ನು ಮಾತ್ರ ಎರಡು ಸಲ ಹುಡುಕಿದ್ದ. ಹೂವಿನ ಎಸಳು ಉದುರಿದ ದಿನದಿಂದ ಪಕ್ಕದ ಮನೆಯ ಫದಿಮೆ ಹಪ್ಪಳದ ಕಾವಲಿಗೆ ಕೂತವಳ ಹಾಗೆ ಅಜ್ಜಿಯ ಬಾಗಿಲಿಗೆದುರಾಗಿ ಕೂತು ಉಣ್ಣೆ ನೂಲುತ್ತಿದ್ದಳು.

ಈಗ ರುಷ್ತು ಟೋಪಿ ತೆಗೆದು ಬೆವರೊರೆಸಿಕೊಂಡ. "ಅಜ್ಜಿ, ನಿನ್ನ ಕೈ ತುರಿಸ್ತಿದೆ ಅಂತ ನಂಗೆ ಗೊತ್ತಿತ್ತು. ಒಂದು ಮಾತು ಹೇಳಿದ್ರೆ ಕಟ್ಟಿಹಾಕಿರ್ತಿದ್ದೆ."

ಉಮ್ಮುಹಾನ್ ಸಾಲಿನೊಳಗೆ ಇಳಿದಳು. ಗೀರು ಬಿದ್ದ ಕಾಯಿಯನ್ನು ಕಣ್ಣಿನಿಂದ ನೋಡಲಿಲ್ಲ, ಹೆಬ್ಬೆರಳಿನಿಂದ ಸವರಿದಳು. ಇನ್ನೊಂದನ್ನು ಸವರಿದಳು. ಅವಳ ಮುಖ ನಿಧಾನವಾಗಿ ಕೆಂಪಾಯಿತು.

"ರುಷ್ತು, ಕಳ್ಳಿ ಅಂತೀಯ, ಅನ್ನು. ಕಾನೂನು ಮುರಿದ್ಲು ಅಂತೀಯ, ಅದನ್ನೂ ಅನ್ನು. ಆದ್ರೆ ಇದನ್ನ ಗೀರಿದ್ದು ನಾನು ಅಂತೀಯಾ? ಇದನ್ನಾ? ಹೀಗೆ ಗೀರ್ತಿದ್ದೋಳು ನಿಮ್ಮಮ್ಮ. ಅಲ್ಲಾ ಅವಳಿಗೆ ಒಳ್ಳೇದು ಮಾಡ್ಲಿ, ಅಡುಗೆ ಚೆನ್ನಾಗಿ ಮಾಡ್ತಿದ್ಲು."

ಬದುವಿನ ಮೇಲೆ ಯಾರೋ ಕೆಮ್ಮಿದಂತೆ ನಟಿಸಿ ನಕ್ಕರು.

ನೆಜಾತ್ ಬೇ ಅವರಿಗೆ ಇಪ್ಪತ್ತೇಳು ವರ್ಷ. ಕೃಷಿ ಪದವೀಧರ, ಅಫೀಮನ್ನು ಅವರು ಕಂಡದ್ದು ಪ್ರಶ್ನೆಪತ್ರಿಕೆಯಲ್ಲಿ ಮಾತ್ರ. ಸರಿಯಾದ ಗೀರು ಹೇಗಿರುತ್ತದೆಂದು ಅವರು ನಿಜವಾದ ಕುತೂಹಲದಿಂದಲೇ ಕೇಳಿದರು. ಕೇಳಬೇಡಿ, ಕತ್ತಲಾದರೂ ಮುಗಿಯುವುದಿಲ್ಲ ಎಂದು ಫದಿಮೆ ಎಚ್ಚರಿಸುವಷ್ಟರಲ್ಲಿ ಅಜ್ಜಿ ಶುರುಮಾಡಿಯಾಗಿತ್ತು. ಗೀರು ಕಾಯಿಯ ಸೊಂಟದ ಸುತ್ತ ಬರಬೇಕು, ಡಾಬಿನ ಹಾಗೆ. ಎರಡು ತುದಿ ಕೂಡಬಾರದು, ಕೂಡಿದರೆ ಕಾಯಿ ಸಾಯುತ್ತದೆ. ಆಳ ಈರುಳ್ಳಿ ಸಿಪ್ಪೆಯಷ್ಟು. ಅದಕ್ಕಿಂತ ಹೆಚ್ಚಾದರೆ ಹಾಲು ಒಳಗೆ ಇಳಿದು ಬೀಜ ಮುದ್ದೆಯಾಗುತ್ತದೆ.

ನೆಜಾತ್ ಬೇ ತಲೆಯಾಡಿಸಿದರು. ಆದರೆ ಬಾಯಿಮಾತನ್ನು ವರದಿಯಲ್ಲಿ ಬರೆಯಲಾಗುವುದಿಲ್ಲ, ತೋರಿಸಬೇಕು ಎಂದರು. ಗಸಗಸೆಯನ್ನು ಗೀರುವಂತಿಲ್ಲವಲ್ಲ, ರುಷ್ತು ಓಡಿಹೋಗಿ ಎಲ್ಲಿಂದಲೋ ಒಂದು ಬದನೆಕಾಯಿ ತಂದ. ಉಮ್ಮುಹಾನ್ ಬದನೆಕಾಯಿಯನ್ನು ನೋಡಿದಳು, ರುಷ್ತುವನ್ನು ನೋಡಿದಳು, ಮನೆಗೆ ಒಯ್ದು ಹುರಿಸಿಕೊಂಡು ತಿನ್ನು ಎಂದಳು.

ಅಧಿಕಾರಿ ನಿಯಮಾವಳಿಯ ಪುಸ್ತಕ ತೆಗೆದು ಮೊದಲಿನಿಂದ ಕೊನೆಯವರೆಗೂ ತಿರುವಿ ಹಾಕಿದರು. ಗೀರಿದವರಿಗೆ ಏನು ಮಾಡಬೇಕೆಂದು ಹನ್ನೊಂದು ಪುಟಗಳಿದ್ದವು. ಅಧಿಕಾರಿಯೇ ಗೀರಲು ಹೇಳಿದರೆ ಏನೆಂದು ಯಾರೂ ಯೋಚಿಸಿರಲಿಲ್ಲ. ಅವರು ವರದಿಯ ಹಾಳೆಯ ಮೇಲೆ "ಪರೀಕ್ಷೆಗಾಗಿ, ನನ್ನ ಸಮ್ಮುಖದಲ್ಲಿ, ಒಂದು ಕಾಯಿ" ಎಂದು ಬರೆದು, ಪೆನ್ಸಿಲ್ ಚೂಪು ಮಾಡುವ ಚಾಕುವನ್ನು ಜೇಬಿನಿಂದ ತೆಗೆದು ಮುಂದೆ ಹಿಡಿದರು.

ರುಷ್ತು ಅಜ್ಜಿಯ ತೋಳು ಜಗ್ಗಿ, ಇದು ಬಲೆ, ಗೀರಿದ ಕೂಡಲೇ ಹಿಡಿದುಕೊಂಡು ಹೋಗುತ್ತಾರೆ ಎಂದು ಪಿಸುಗುಟ್ಟಿದ.

"ಹೋಗ್ಲಿ ಬಿಡೋ. ಜೀಪಲ್ಲಿ ಕೂತಿಲ್ಲ ನಾನು ಇದುವರೆಗೆ."

ಹಾಗೆಂದಳೇ ಹೊರತು, ಚಾಕುವನ್ನು ನೀರಿನ ಹೂಜಿಯ ತಳಕ್ಕೆ ಉಜ್ಜುತ್ತ ಕೂತಾಗ ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಜೈಲಿಗೆ ಹೆದರಿ ಅಲ್ಲ. ಅವಳು ಕಾಯಿ ಗೀರಿ ಮೂರು ವರ್ಷವಾಗಿತ್ತು. ಇತ್ತೀಚೆಗೆ ಚಹಾದ ಲೋಟ ಹಿಡಿದರೆ ತಟ್ಟೆಗೆ ಚೆಲ್ಲುತ್ತಿತ್ತು. ಸೊಸೆ ನೋಡಿಯೂ ನೋಡದವಳಂತೆ ಒರೆಸುತ್ತಿದ್ದಳು. ಈಗ ಕೈ ತಪ್ಪಿದರೆ ಆ ನಲವತ್ತೊಂದೂ ಅವಳವೇ ಎಂದು ಸಾಬೀತಾಗುತ್ತದೆ. ಊರು ಮತ್ತೆ ಸೂರ್ಯಕಾಂತಿಗೆ ಹೋಗುತ್ತದೆ. ಅವಳು ಬೇಕೆಂದೇ ನಿಧಾನ ಮಾಡಿದಳು. ಈ ಕಾಯಿ ಎಳೆಯದು, ಆ ಕಾಯಿ ಬಲಿತದ್ದು, ಇದು ನೆರಳಿನಲ್ಲಿ ಬೆಳೆದ ಸೋಮಾರಿ ಎಂದು ಒಂದೊಂದನ್ನೇ ತಳ್ಳುತ್ತ ಹನ್ನೆರಡನೆಯದರ ಹತ್ತಿರ ನಿಂತಳು.

ಎಡಗೈಯಲ್ಲಿ ಕಾಯಿ ಹಿಡಿದಳು. ಬಲಗೈ ನಡುಗುತ್ತಲೇ ಹತ್ತಿರ ಬಂತು. ಅಲಗು ಸಿಪ್ಪೆಗೆ ತಾಗಿದ ಕ್ಷಣ ನಡುಕ ಎಲ್ಲಿ ಹೋಯಿತೋ ಅವಳಿಗೇ ತಿಳಿಯಲಿಲ್ಲ. ಮಣಿಕಟ್ಟು ಒಮ್ಮೆ ಹೊರಳಿತು, ಅಷ್ಟೆ. ಅರೆಗಳಿಗೆ ಏನೂ ಕಾಣಲಿಲ್ಲ. ಆಮೇಲೆ ಕಾಯಿಯ ಸೊಂಟದ ಸುತ್ತ ಬಿಳಿಯ ಹನಿಗಳು ಪೋಣಿಸಿದಂತೆ ಎದ್ದು ನಿಂತವು. ಎರಡು ತುದಿಗಳ ನಡುವೆ ಒಂದು ಬೆರಳಿನಷ್ಟು ಹಸಿರು ಉಳಿದಿತ್ತು. ಆ ಕಹಿ ಹಸಿರು ವಾಸನೆ ಬದುವಿನವರೆಗೂ ಹೋಯಿತೋ ಇಲ್ಲವೋ, ಮುದುಕರೆಲ್ಲ ಮೂಗರಳಿಸಿದರು.

"ಹಾಳಾದೋಳು," ಎಂದಳು ಫದಿಮೆ, ತಲೆವಸ್ತ್ರದ ಅಂಚಿನಿಂದ ಕಣ್ಣೊರೆಸಿಕೊಳ್ಳುತ್ತ. "ಹಾಗೇ ಇದೆ ಕೈ."

ನೆಜಾತ್ ಬೇ ಆ ಕಾಯಿಯನ್ನು ಕಿತ್ತು ಮೇಲ್ಭಾಗವನ್ನು ಹೋಳು ಮಾಡಿದರು. ಒಳಗೋಡೆಗೆ ಏನೂ ಆಗಿರಲಿಲ್ಲ, ಎಳೆಬೀಜಗಳು ಬಿಡಿಬಿಡಿಯಾಗಿದ್ದವು. ನಲವತ್ತೊಂದರಲ್ಲಿ ಒಂದನ್ನು ಹೋಳು ಮಾಡಿದರೆ ಒಳಗೆಲ್ಲ ಅಂಟಂಟು ಮುದ್ದೆ. ಆ ಗೀರುಗಳು ಒರಟಾಗಿ, ಆಳವಾಗಿದ್ದವು, ಎಲ್ಲವೂ ರಸ್ತೆಯ ಕಡೆಗೇ ಇದ್ದವು, ಎಲ್ಲವೂ ಒಂದೇ ಎತ್ತರದಲ್ಲಿದ್ದವು.

"ಚಾಕು ಅಲ್ಲ ಇದು, ಮಗಾ," ಎಂದಳು ಉಮ್ಮುಹಾನ್. "ಏನನ್ನೋ ಬಿಗಿಯಾಗಿ ಹಿಡಿದು ಎಳ್ಕೊಂಡು ಹೋಗಿದಾರೆ. ತಂತಿ."

ಹೊಲ ಅಳೆಯುವವರು ಮೊನ್ನೆಯಷ್ಟೇ ಬಂದಿದ್ದರು. ಬದುವಿನ ತಿರುವನ್ನು ಸುತ್ತಿಬರುವ ಬದಲು ಉಕ್ಕಿನ ಅಳತೆಪಟ್ಟಿಯನ್ನು ಮೂಲೆಯಿಂದ ನೇರ ಎಳೆದಿದ್ದರು. ಜೀಪಿಗೆ ಒರಗಿ ಮಜ್ಜಿಗೆ ಕುಡಿಯುತ್ತ "ಬಿಗಿಯಾಗಿ ಎಳೀರಿ, ಬಿಗಿಯಾಗಿ" ಎಂದು ಕೂಗಿದವರು ಯಾರೆಂಬುದು ಅಲ್ಲಿದ್ದ ಪ್ರತಿಯೊಬ್ಬರಿಗೂ ನೆನಪಿತ್ತು. ಹಾಗಾಗಿ ಎಲ್ಲರೂ ಆಕಾಶ ನೋಡಿದರು.

"ಮೊನ್ನೆ ಗಾಳಿ ಬಹಳ ಜೋರಿತ್ತು ಸಾಹೇಬ್ರೇ," ಎಂದ ರುಷ್ತು, ಮರ್ಯಾದೆಯಿಂದ.

ಹೌದೌದು, ಅಂಥ ಗಾಳಿಯನ್ನು ಕಂಡೇ ಇರಲಿಲ್ಲ ಎಂದು ನಾಲ್ಕಾರು ಜನ ದನಿಗೂಡಿಸಿದರು. ಒಬ್ಬನಂತೂ ತನ್ನ ಹೆಂಚು ಹಾರಿದ ಕಥೆಯನ್ನು ಅಲ್ಲೇ ಹುಟ್ಟಿಸಿದ. ನೆಜಾತ್ ಬೇ ಕಿವಿಯವರೆಗೂ ಕೆಂಪಾದರು. ಆಮೇಲೆ ಹೆಗಲು ಕುಣಿಯುವಂತೆ ನಕ್ಕರು. ನಗು ಮುಗಿದ ಮೇಲೆ "ಅಳತೆಪಟ್ಟಿಯಿಂದಾದ ಹಾನಿ. ಹೊಣೆ ನನ್ನದು. ಪರವಾನಗಿ ಮುಂದುವರಿಯಲಿ" ಎಂದು ಬರೆದು ಸಹಿ ಹಾಕಿದರು. ಅಷ್ಟು ಒಳ್ಳೆಯ ಗಾಳಿ ದಂಡವಾಯಿತಲ್ಲ ಎಂದು ರುಷ್ತುವಿಗೆ ಕೊಂಚ ಬೇಜಾರಾಯಿತು. ಆದರೆ ಆ ಹೊತ್ತಿಗೆ ಬದುವಿನ ಮೇಲೆ ಒಬ್ಬರನ್ನೊಬ್ಬರು ತಬ್ಬಿಕೊಳ್ಳುವ ಗದ್ದಲ ಶುರುವಾಗಿ, ಅವನೂ ಅದರೊಳಗೆ ಸೇರಿಹೋದ.

ವರದಿಯ ಮೇಲೆ ಪರೀಕ್ಷೆಯ ಕಾಯಿ ಗೀರಿದವಳ ಸಹಿಯೂ ಬೇಕಿತ್ತು. ಉಮ್ಮುಹಾನಳಿಗೆ ಬರೆಯಲು ಬರುವುದಿಲ್ಲ. ಜೀಪಿನಲ್ಲಿದ್ದ ಶಾಯಿಪೆಟ್ಟಿಗೆ ಬಿಸಿಲಿಗೆ ಹೆಂಚಿನಂತೆ ಒಣಗಿತ್ತು. ಅಧಿಕಾರಿ ಅದಕ್ಕೆ ಉಗುಳು ಹಚ್ಚಲೋ ಬೇಡವೋ ಎಂದು ಯೋಚಿಸುತ್ತಿರುವಾಗ ಅವಳು ಕಾಯಿಯ ಹಾಲಿಗೆ ಹೆಬ್ಬೆರಳು ಒತ್ತಿ, ಹಾಳೆಯ ಕೆಳಭಾಗದಲ್ಲಿ ಊರಿದಳು. ಹಾಳೆ ಸ್ವಲ್ಪ ಒದ್ದೆಯಾಯಿತು, ಅಷ್ಟೆ.

"ಏನೂ ಕಾಣ್ತಿಲ್ವಲ್ಲ, ಅಜ್ಜಿ."

"ಕಾಣುತ್ತೆ ತಾಳು. ಬಿಸಿಲಿದೆ."

ಜೀಪಿನ ಮೂತಿಯ ಮೇಲೆ ಹಾಳೆ ಹರಡಿ ನಾಲ್ಕು ಮೂಲೆಗೂ ಕಲ್ಲಿಟ್ಟರು. ಕಾನೂನಿನವರೂ ಊರಿನವರೂ ತಲೆಗೆ ತಲೆ ತಾಗಿಸಿ ಸುತ್ತ ನಿಂತರು. ಯಾರಿಗೂ ಅವಸರವಿರಲಿಲ್ಲ. ಬಿಳಿಯ ಕಾಗದದ ಮೇಲೆ ಮೊದಲು ಒಂದು ಅಂಚು, ಆಮೇಲೆ ಒಳಗಿನ ಸುಳಿಗಳು, ಒಂದರ ಹಿಂದೊಂದು, ಕಂದು ಬಣ್ಣದಲ್ಲಿ ಮೆಲ್ಲನೆ ಮೇಲೆದ್ದು ಬರತೊಡಗಿದವು.