ನಿಂಬೆರಸಕ್ಕೆ ಬೇಯದ ಲಾಡಿ

ಕರುಳಿದ್ದಷ್ಟು ಹುಳ ಚಾಚು, ಗಾದೆ ಹಾಗೇ ಇರಬೇಕಿತ್ತು, ಹಾಸಿಗೆ ಕಾಲಿನದೇನು ಮಹಾ — ಹೆಬ್ಬೆರಳ ಗೀರಿಗೆ ನಿಂಬೆರಸ ಇಳಿದು ಚುರ್ ಅಂದದ್ದೇ ತಡ, ಇಸಿದೋರಾಳ ತಲೆಯೊಳಗೆ ತೆಯೋಫಿಲೊನ ದನಿ ಶುರುವಾಯಿತು, ಅವನು ಕಥೆ ಹೇಳುವುದೇ ಹೀಗೆ, ಮೊದಲು ಗಾದೆಯೊಂದರ ಸೊಂಟ ಮುರಿಯುವುದು, ಆಮೇಲೆ ಇದು ನಡೆದದ್ದು ಕಣ್ರೋ, ಸುಳ್ಳಾದ್ರೆ ಸೆಚುರಾದ ಸಮುದ್ರ ಬತ್ತಿಹೋಗ್ಲಿ ಅಂತ ಆಣೆ, ಸಮುದ್ರ ಪಾಪ ಇನ್ನೂ ಬತ್ತಿಲ್ಲ, ಅಗೋ ಬಿದಿರು ತಟ್ಟಿಯ ಸಂದಿನಲ್ಲಿ ಮಿನುಗುತ್ತಿದೆ, ದೋಣಿಗಳು ಬಂದಾಗಿದೆ, ಹುಡುಗರು ಬಲೆ ಕೊಡವುತ್ತಿದ್ದಾರೆ, ಇನ್ನೇನು ಹಸಿದುಕೊಂಡು ಅವಳ ಮೀನೂಟದ ಅಂಗಡಿಗೆ ಬರುತ್ತಾರೆ, ಹಿಂಡು, ಇನ್ನೊಂದು ನಿಂಬೆ ಹಿಂಡು. ಇವತ್ತು ಅವಳ ಬಳಿಯೂ ನಡೆದದ್ದೊಂದು ಇದೆ, ಬಾಯಿ ಬಿಡುವ ಹಾಗಿಲ್ಲ. ವಾರವಿಡೀ ಹೆಬ್ಬೆರಳಿಗೆ ಸುಳ್ಳು ಬಟ್ಟೆ ಸುತ್ತಿಕೊಂಡು, ಕೈ ಕುಯ್ದಿದೆ ಕಣ್ರಪ್ಪಾ, ನಿಂಬೆ ಹಿಂಡೋಕಾಗಲ್ಲ, ನಿಂಬೆಹುಳಿ ಮೀನಿನ ಸೆವಿಚೆ ಇಲ್ಲ, ಕರಿದದ್ದು ತಿನ್ನಿ ಅಂದವಳು, ಬಟ್ಟೆ ಬಿಚ್ಚಿದ ದಿನವೇ ನಿಜವಾಗಿ ಕುಯ್ದುಕೊಂಡಿದ್ದಾಳೆ, ದೇವರು ಲೆಕ್ಕ ಚುಕ್ತಾ ಮಾಡುವ ರೀತಿ ನೋಡು. ಬೋಗುಣಿಯಲ್ಲಿ ಬೊನಿತೊ ಮೀನಿನ ತುಂಡುಗಳು ರಸ ಹೀರಿ ಬೆಳ್ಳಗಾಗುತ್ತಿವೆ, ಅಂಚು ಸ್ವಲ್ಪ ಮೆತ್ತಗೆ, ಯಾರಿಗಾದರೂ ಗೊತ್ತಾಗುತ್ತಾ, ಈರುಳ್ಳಿ ಮೇಲೆ ಹರಡು, ಮೆಣಸಿನಕಾಯಿ ಇನ್ನೆರಡು ಹಾಕು, ಖಾರ ಹತ್ತಿದ ನಾಲಿಗೆ ಪ್ರಶ್ನೆ ಕೇಳುವುದಿಲ್ಲ. ಕಾಲ ಬುಡದಲ್ಲಿ ಒದ್ದೆ ಗೋಣಿಯಡಿ ಇವತ್ತಿನ ಮೀನು, ಬೆಳಿಗ್ಗೆ ದೋಣಿಯ ಸಾಂತೋಸ್ ಎಚೆ ತಂದು ಸುರಿದದ್ದು, ದೊನ್ಯಾ, ಅಮ್ಮಾವ್ರೇ, ಇನ್ನೂ ಬಾಲ ಆಡಿಸ್ತಾ ಇದೆ ನೋಡಿ ಅಂದಿದ್ದ — ಒಂದಕ್ಕೂ ಚೂರಿ ತಾಗಿಸಿಲ್ಲ.

ಬಿಳಿ, ಚಪ್ಪಟೆ, ನೆರಿಗೆ ನೆರಿಗೆ. ಲಂಗದ ಲಾಡಿಯೇ ಬಿಚ್ಚಿ ಬಿತ್ತು ಅಂತ ಹತ್ತು ದಿನದ ಹಿಂದೆ ಕಕ್ಕಸಿನಲ್ಲಿ ಗಾಬರಿಯಿಂದ ಸೊಂಟ ಮುಟ್ಟಿ ನೋಡಿಕೊಂಡಿದ್ದಳು, ಲಂಗದ ಲಾಡಿ ಅಲ್ಲೇ ಇತ್ತು, ಗಂಟು ಸಮೇತ, ಹಾಗಾದರೆ ಇದು ಯಾರ ಲಾಡಿ ಮಾತೆಯೇ — ಮಗಳ ಮೊದಲ ಪರಮಪ್ರಸಾದದ ಫ್ರಾಕಿಗೆ ಸಂತೆಯಲ್ಲಿ ಮೊಳ ಹಾಕಿಸಿ ಲಾಡಿ ಕೊಂಡಿದ್ದಳಲ್ಲ, ಥೇಟ್ ಅದೇ ಬಿಳುಪು, ಛೀ, ಆ ಫ್ರಾಕನ್ನು ಇನ್ನು ಪೆಟ್ಟಿಗೆಯಿಂದ ತೆಗೆಯಲಾರಳು. ಆಸ್ಪತ್ರೆಯ ಡಾಕ್ಟರಮ್ಮ, ಅರೆಕಿಪಾದ ಕಡೆಯವಳು, ಮೂಗು ಕೂಡ ಮುರಿಯದೆ, ಹಸಿ ಮೀನು ತಿಂತೀರಾ ಅಂತ ಕೇಳಿದಳು. ಅಯ್ಯೋ, ಹಸಿ ಯಾಕ್ ತಿನ್ನೋಣ ಡಾಕ್ಟರಮ್ಮಾ, ನಾವೇನು ಬೆಕ್ಕುಗಳಾ, ನಿಂಬೆಹುಳೀಲಿ ಬೇಯಿಸಿ ತಿಂತೀವಿ. ಬೇಯಲ್ಲಮ್ಮಾ, ಬರೀ ಬೆಳ್ಳಗಾಗುತ್ತೆ, ಒಳಗಿರೋ ಲಾಡಿಹುಳದ ಮರಿಗೆ ಅದು ಸ್ನಾನ ಮಾಡಿಸಿದ ಹಾಗೆ. ಸ್ನಾನ! ಅಮ್ಮ ಬೇಯಿಸಿದ್ದು, ಅಜ್ಜಿ ಬೇಯಿಸಿದ್ದು, ಇಡೀ ಕೊಲ್ಲಿಯೇ ತಲೆತಲಾಂತರದಿಂದ ಬೇಯಿಸುತ್ತ ಬಂದದ್ದು ಹುಳದ ಮರಿಗಳಿಗೆ ಅಭ್ಯಂಜನ ಮಾಡಿಸಿದ್ದಾ? ಇದು ದೊಡ್ಡದಾಗಬೇಕಾದ್ದು ಕಡಲಸಿಂಹದ ಹೊಟ್ಟೇಲಿ, ದಾರಿ ತಪ್ಪಿ ನಿಮ್ಮ ಹತ್ರ ಬಂದಿದೆ ಅಂದಳು. ನಾನೇನು ಕಡಲಸಿಂಹದ ಥರ ಕಾಣ್ತೀನಾ? ಹುಳಕ್ಕೆ ಕಣ್ಣಿಲ್ಲಮ್ಮಾ. ಇಬ್ಬರೂ ನಕ್ಕರು, ಇಸಿದೋರಾ ನಗುತ್ತಲೇ ಅತ್ತಳು. ಮನೆ ಖಾಲಿ ಮಾಡಿಸುವ ಮಾತ್ರೆ ನುಂಗಿಸಿ ಕಳಿಸುವಾಗ ಡಾಕ್ಟರಮ್ಮ ಹೇಳಿದ್ದು ಎರಡೇ ಮಾತು, ಮೀನನ್ನ ಒಲೆ ಮೇಲೆ ಬೇಯ್ಸಿ, ಇಲ್ಲಾ ಒಂದು ವಾರ ಫ್ರೀಜರಿನಲ್ಲಿ ಕಲ್ಲು ಮಾಡಿ. ಕಲ್ಲು! ಹೇಳುವುದು ಸುಲಭ, ಆಕೆಯ ಊರಿನಲ್ಲಿ ಹಿಮದ ಬೆಟ್ಟವಿದೆ, ಇಲ್ಲಿ ಮಂಜುಗಡ್ಡೆ ಕಂಡ ಮೀನನ್ನು ನಾಯಿಗೂ ಹಾಕುವುದಿಲ್ಲ. ಇದೇ ಬಂದರಿನಲ್ಲಿ ಅಂಗಡಿ ಇಟ್ಟಿದ್ದ ಎವುಲಾಲಿಯಾಳ ಗತಿ ಏನಾಯಿತು, ಎಷ್ಟು ಒಳ್ಳೆಯ ಕೈ ಅವಳದು, ಒಂದೇ ಒಂದು ದಿನ ಯಾರದೋ ಹಲ್ಲಿಗೆ ಹಿಮದ ಚೂರು ಸಿಕ್ಕಿತು, ತೆಯೋಫಿಲೊ ಎದ್ದು ನಿಂತು ಕೈ ಎರಡೂ ಪಕ್ಕಕ್ಕೆ ಒತ್ತಿಕೊಂಡು ತಟಪಟ ನಡೆದು ತೋರಿಸಿದ, ಅಷ್ಟೇ, ಪೆಂಗ್ವಿನ್ ಅನ್ನುವ ಹೆಸರು ಅಂಟಿಕೊಂಡಿತು, ಈಗ ಅವಳು ಪಿಯೂರಾದ ಪೇಟೆಯಲ್ಲಿ ಶಾಂಪೂ ಮಾರುತ್ತಾಳೆ. ಅವತ್ತು ಎಲ್ಲರೂ ನಕ್ಕರು, ಇಸಿದೋರಾಳೂ ನಕ್ಕಳು. ನಾಳೆ ತನಗೇನು ಹೆಸರೋ, ಸತ್ತ ಗಂಡ ಕಟ್ಟಿಕೊಟ್ಟ ಅಂಗಡಿ, ಮಗಳ ಓದು, ಎಲ್ಲ ಈ ಒಂದು ಬೋಗುಣಿಯಲ್ಲಿ ತೇಲುತ್ತಿದೆ, ಮಗಳು ಶಾಲೆಯ ಬಾಗಿಲಲ್ಲಿ ಮಾರುವ ಐಸ್‌ಕ್ಯಾಂಡಿಗಳ ಅಡಿಯಲ್ಲಿ ವಾರವಿಡೀ ಫ್ರೀಜರಿನಲ್ಲಿ ಬಚ್ಚಿಟ್ಟಿದ್ದ ಮೀನು, ಕದ್ದ ಮಾಲಿನ ಹಾಗೆ, ಹೆಣದ ಹಾಗೆ.

ಬಂದರು, ಬಂದರು, ಬೆಂಚು ಕಿರ್ ಅಂತು, ಉಪ್ಪುನೀರಿನ ವಾಸನೆ, ತಟ್ಟೆ ತಟ್ಟೆಗೆ ಬೇಯಿಸಿದ ಮರಗೆಣಸು, ಹುರಿದ ಜೋಳ, ನಡುವೆ ಮೀನು, ಮೊದಲ ತಟ್ಟೆ ಎಂದಿನಂತೆ ತೆಯೋಫಿಲೊ ಕೆರೆವಾಲೂನಿಗೆ, ದೋಣಿ ಮೀನು ಹರಾಜು ಕೂಗುವವನು, ಮಗಳ ಜ್ಞಾನಸ್ನಾನದಲ್ಲಿ ಅವಳನ್ನು ಎತ್ತಿಕೊಂಡ ಧರ್ಮತಂದೆ, ಅಂದಿನಿಂದ ಅವನು ಇವಳಿಗೆ ಕೊಂಪಾದ್ರೆ, ಇವಳು ಅವನಿಗೆ ಕೊಮಾದ್ರೆ, ಅಣ್ಣತಂಗಿಯರಿಗಿಂತ ಒಂದು ಗೇಣು ಹತ್ತಿರ. ಅವನ ನಾಲಿಗೆ ಒಪ್ಪಿದರೆ ಇಡೀ ಬಂದರೇ ಒಪ್ಪಿದ ಹಾಗೆ. ಬಾಯಿಗಿಟ್ಟ. ಕಣ್ಣು ಮುಚ್ಚಿದ. ಅಗಿಯುತ್ತಿದ್ದಾನೆ, ಯಾಕಿಷ್ಟು ನಿಧಾನ, ನುಂಗೋ ಮಾರಾಯ, ಅವಳ ಉಸಿರು ಅವನ ಗಂಟಲಲ್ಲಿ ಸಿಕ್ಕಿಕೊಂಡಿದೆ. ಪಾದ್ರಿಯ ದನಿ ತೆಗೆದು ಎರಡೂ ಕೈ ಎತ್ತಿದ, ಪ್ರಿಯ ಸಹೋದರರೇ, ಈ ಮೀನು ಇವತ್ತು ಬೆಳಿಗ್ಗೆ ನನಗೆ ನಮಸ್ಕಾರ ಹೇಳಿತ್ತು. ಹೋ ಅಂತ ನಕ್ಕರು. ಈಗ ಹರಾಜಿನ ದನಿ, ಸಾಂತೋಸನ ದೋಣೀದು, ದ್ವೀಪದ ಆಚೆಗಿನ ನೀರು, ಎಡಗಡೆ ಬಲೆಗೆ ಬಿದ್ದದ್ದು, ಹೆಣ್ಣು, ಮದುವೆ ಆಗಿಲ್ಲ! ಸಾಂತೋಸ್ ಎದೆಯುಬ್ಬಿಸಿ, ಎಡಗಡೆನೇ ಕಣಣ್ಣಾ, ಅದ್ಹೆಂಗ್ ಹೇಳ್ದೆ ಅಂದ. ಅಯ್ಯೋ ದೇವರೇ, ಇಸಿದೋರಾ ಸೆರಗಿಲ್ಲದ ಊರಿನಲ್ಲಿ ಏಪ್ರನ್ನನ್ನೇ ಬಾಯಿಗೆ ತುರುಕಿಕೊಂಡಳು, ಭಯದ ಜಾಗಕ್ಕೆ ನಗು ನುಗ್ಗುತ್ತಿದೆ, ಎಷ್ಟು ವರ್ಷ ಎಲ್ಲರನ್ನೂ ಅಣಕಿಸಿದ ನಾಲಿಗೆ ಇದು, ಇವತ್ತು ಐಸ್‌ಕ್ಯಾಂಡಿಯ ಅಡಿಯಲ್ಲಿ ಮಲಗಿದ್ದವಳಿಗೆ ಮದುವೆ ಗೊತ್ತು ಮಾಡುತ್ತಿದೆ, ಗೆದ್ದೆ, ಹೀಗೇ ನಡೆಸಿಕೊಂಡು ಹೋಗಬಹುದು, ಒಂದು ವಾರ ಹಿಂದೆ, ಒಂದು ವಾರ ಮುಂದೆ, ಯಾರಿಗೂ ಯಾವತ್ತೂ —

ಆರ್ಕ್, ಆರ್ಕ್. ತಟ್ಟೆ ನೆಕ್ಕಿ ಎದ್ದ ತೆಯೋಫಿಲೊ ಮೀನು ಕೊಯ್ಯುವ ಹಲಗೆಯ ಮುಂದೆ ಬಂದು ನಿಂತಿದ್ದಾನೆ, ಮೊಣಕೈ ಮಡಿಚಿ ಅಂಗೈ ತಟ್ಟುತ್ತ, ಮೀನಿಗೆ ಕಾಯುವ ಕಡಲಸಿಂಹವೇ, ಮೀಸೆ ಕೂಡ ಹಾಗೇ ಕುಣಿಯುತ್ತೆ, ಕೊಮಾದ್ರೆ, ಒಂದು ವಾರ ಉಪವಾಸ ಹಾಕಿದ್ಯಲ್ಲಾ, ನನ್ನ ಪಾಲು ಎಲ್ಲಿ, ಬಾಯಿ ತೆರೆದ. ಅವನ ಪಾಲು. ಅಂಗಡಿ ಇಟ್ಟಂದಿನಿಂದ ಇದೇ ಪದ್ಧತಿ, ಮೀನು ಸೀಳಿದ ಕೂಡಲೇ ಹೊಟ್ಟೆಯ ಭಾಗದ ಒಂದು ಎಳೆ, ನಿಂಬೆಯೂ ಇಲ್ಲ ಉಪ್ಪೂ ಇಲ್ಲ, ಅರ್ಧ ಅವಳ ಬಾಯಿಗೆ, ಅರ್ಧ ಅವಳದೇ ಬೆರಳಿನಿಂದ ಅವನ ಬಾಯಿಗೆ, ಹಾಗೇ ತಾಜಾತನ ನೋಡುವುದು. ಗೋಣಿಯಡಿ ಇವತ್ತಿನ ಮೀನಿದೆ, ಒಂದು ಎಳೆ ತಾನೇ, ಕೊಟ್ಟರೆ ಮುಗಿಯಿತು, ಅಂಗಡಿ ಉಳಿಯಿತು, ಬಾಯಿ ತೆರೆದೇ ಇದೆ, ಕೆಂಪು, ನಂಬಿಕೊಂಡು, ಮಗಳನ್ನು ಜ್ಞಾನಸ್ನಾನದ ನೀರ ಮೇಲೆ ಹಿಡಿದಿದ್ದ ಮನುಷ್ಯ, ಚೂರಿ ಏಳಲಿಲ್ಲ, ಬಿಳಿ, ಚಪ್ಪಟೆ, ನೆರಿಗೆ ನೆರಿಗೆ, ಏಳಲಿಲ್ಲ. ಯಾಕೆ ಕೊಮಾದ್ರೆ, ನಾನೇ ತಗೊಳ್ಳಾ ಅಂತ ಬಗ್ಗಿ ಅವನೇ ಗೋಣಿ ಎತ್ತಿದ, ಇಡೀ ಮೀನುಗಳು, ಒಂದಕ್ಕೂ ಗೀರಿಲ್ಲ. ಸಾಂತೋಸ್ ಇಣುಕಿದ, ಇದು ನನ್ನ ಮೀನಲ್ವಾ, ಮತ್ತೆ ನಾವ್ ತಿಂದಿದ್ದು? ಹೋದ ವಾರದ್ದು ಕಣಪ್ಪಾ. ಯಾರ ದನಿ ಇದು, ತನ್ನದೇ. ಫ್ರೀಜರ್‌ದು, ಕಲ್ಲು ಮಾಡಿ ಕರಗಿಸಿದ್ದು, ಆಮೇಲೆ ಕಟ್ಟೆ ಒಡೆಯಿತು, ನನ್ನ ಹೊಟ್ಟೇಲಿ ಲಾಡಿಹುಳ ಇತ್ತು, ಮೀನಿಂದಲೇ ಬಂದಿತ್ತು, ನಿಂಬೆಗೆ ಅದು ಸಾಯಲ್ವಂತೆ, ಮಾತ್ರೆ ನುಂಗಿ ಹೊರಗೆ ಹಾಕ್ದೆ, ನಿಮ್ಮ ಹೊಟ್ಟೆಗೆ ನನ್ನ ಕೈಯಿಂದ ಹಾಕೋಕೆ ಮನಸ್ಸು ಬರ್ಲಿಲ್ಲ, ಇನ್ನು ಈ ಅಂಗಡೀಲಿ ಹೀಗೇನೇ, ಬೇಕಾದ್ರೆ ತಿನ್ನಿ, ಬೇಡಾದ್ರೆ ಪೆಂಗ್ವಿನ್ ಅನ್ನಿ. ಯಾರೋ ಚಮಚ ಕೆಳಗಿಟ್ಟರು. ಎಲ್ಲರ ಕಣ್ಣು ತೆಯೋಫಿಲೊನ ಮೇಲೆ, ಅವನ ಮುಖ ಒಂದು ಗಳಿಗೆ ಖಾಲಿ, ಕೈ ಪಕ್ಕಕ್ಕೆ ಇಳಿಯಿತು, ಈಗ ನಡೆದು ತೋರಿಸುತ್ತಾನೆ, ತಟಪಟ, ಪಿಯೂರಾ ಪೇಟೆ, ಶಾಂಪೂ — ಅಯ್ಯಯ್ಯೋ ನನ್ನ ನಾಲಿಗೆಗೆ ಬೆಂಕಿ ಹಾಕ, ವಾರದ ಹಳೇ ಹೆಣಕ್ಕೆ ಮದುವೆ ಮಾಡ್ತಿದ್ನಲ್ರೋ! ಎಂದು ಹಲಗೆ ಗುದ್ದಿದ, ನಕ್ಕ, ಏನು ನಗು ಅದು, ತಟ್ಟಿ ಅದುರಿತು, ಸಾಂತೋಸ್ ನಕ್ಕ, ಬೆಂಚು ಪೂರ್ತಿ ನಕ್ಕಿತು, ಎಡಗಡೆ ಬಲೆ ಅಂದ್ಯಲ್ಲಣ್ಣಾ, ನೀನೂ ಹೂಂ ಅಂದ್ಯಲ್ಲೋ ಕತ್ತೇ, ಯಾರೋ ತಟ್ಟೆ ಮುಂದೆ ಚಾಚಿದರು, ದೊನ್ಯಾ, ಇನ್ನೊಂದು ಸೌಟು ಆ ಹೆಣಾನೇ ಹಾಕಿ, ಚೆನ್ನಾಗಿದೆ. ಹಾಕಿದಳು, ಕಣ್ಣು ಮಂಜು, ಉಳಿಯಿತು, ಅಂಗಡಿ ಉಳಿಯಿತು, ಎಲ್ಲರಿಗಿಂತ ಗಟ್ಟಿಯಾಗಿ ಅವನೇ ನಗುತ್ತಿದ್ದಾನೆ, ಕಣ್ಣೊರೆಸಿಕೊಳ್ಳುತ್ತ ಹಲಗೆಯ ಮೇಲೆ ಬಾಗಿದ, ಅವಳ ಕಿವಿಯ ಹತ್ತಿರ ಅವನ ಬಾಯಿ, ದನಿಯಲ್ಲಿ ಮಾತ್ರ ನಗುವಿಲ್ಲ, ಕೊಮಾದ್ರೆ, ಆ ಮಾತ್ರೆ, ಒಂದೇ ಸಾಕಾಯ್ತಾ ನಿಂಗೆ, ನನ್ನೊಳಗಿರೋದು ಭಾರೀ ಉದ್ದ ಇದ್ದ ಹಾಗಿದೆ — ಅಂದವನೇ ತಲೆ ಹಿಂದಕ್ಕೆ ಎಸೆದು ಮತ್ತೆ ನಕ್ಕ, ಇನ್ನೂ ಗಟ್ಟಿಯಾಗಿ, ಆ ಮಾತು ಯಾರಿಗೂ ಕೇಳಿಸದ ಹಾಗೆ, ಮತ್ತೆ ಅವಳ ಈ ಎರಡು ಬೆರಳು, ಆ ಹಸಿ ಎಳೆಯನ್ನು ಇಷ್ಟು ವರ್ಷ ಅವನ ಬಾಯಿಗಿಟ್ಟ ಬೆರಳು, ಅರ್ಧ ನನಗೆ, ಅರ್ಧ ನಿನಗೆ, ಅರ್ಧ ನನಗೆ, ಬಿಳಿ, ಚಪ್ಪಟೆ, ನೆರಿಗೆ ನೆರಿಗೆ, ಲಾಡಿ —